ಜಗಳ ಪುಟಕ್ಕೊಂದು ಚಿತ್ರ

ನಮ್ಮ ಸಭೆ ತಿಂಗಳಿಗೆ ಎರಡು ಭಾನುವಾರ, ಸಂಜೆ ನಾಲ್ಕಕ್ಕೆ, ಫೋನಿನೊಳಗೆ ನಡೆಯುತ್ತದೆ. ಎಲ್ಲರೂ ಸೇರಿ ಪುಕ್ಕಟೆ ಬರೆಯುವ, ಎಲ್ಲರೂ ಪುಕ್ಕಟೆ ಓದುವ, ಓದಿ ಸಮಾಧಾನವಾಗದವರು ತಾವೇ ತಿದ್ದಿಬಿಡಬಹುದಾದ ಒಂದು ವಿಶ್ವಕೋಶ ಅಂತರ್ಜಾಲದಲ್ಲಿದೆಯಲ್ಲ, ಅದರ ಕನ್ನಡದ ಪಾಲಿಗೆ ನಮ್ಮ ಜಿಲ್ಲೆಯಿಂದ ಬರೆಯುವವರ ಸಭೆ ಅದು. ನಾವು ನಾಲ್ಕೇ ಜನ. ಐದನೆಯವರೊಬ್ಬರಿದ್ದರು. ‘ಆಧಾರ ಎಲ್ಲಿ?’ ಎಂದು ಸಭೆ ಸಭೆಗೂ ಕೇಳಿಸಿಕೊಂಡು, ಕೊನೆಗೆ ತಮ್ಮ ಸ್ವಂತ ಹೆಸರಿನ ಮೇಲೇ ಅನುಮಾನ ಬಂದು ಬಿಟ್ಟುಹೋದರು.

ಸಭೆ ಕರೆಯುವವರು ವಿಶಾಖಾ. ರಾಯಚೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾರೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಗಾಂಭೀರ್ಯದಲ್ಲಿ ನಮ್ಮಜ್ಜನಿಗಿಂತ ದೊಡ್ಡವರು. ಮಾನ್ವಿಯ ಕೊಟ್ರೇಶನಿಗೆ ಮೋಟಾರು ರಿವೈಂಡಿಂಗ್ ಅಂಗಡಿಯಿದೆ. ಅವನು ಬರೆಯುವುದು ಕಡಿಮೆ. ಊರೂರು ತಿರುಗಿ ಗುಡಿ, ಸಂತೆ, ಬಸ್ ನಿಲ್ದಾಣ, ಹೊಳೆಯ ದಂಡೆ ಎಲ್ಲದರ ಫೋಟೊ ಹಿಡಿದು ವಿಶ್ವಕೋಶಕ್ಕೆ ಹಾಕುತ್ತಾನೆ. ಅವನ ಅಂಗಡಿಯಲ್ಲಿ ನೆಟ್‌ವರ್ಕ್ ಹೇಗೆಂದರೆ, ಅವನು ಹೇಳಿದ ನಮಸ್ಕಾರ ನಮಗೆ ಮುಟ್ಟುವ ಹೊತ್ತಿಗೆ ಸಭೆ ಮುಗಿದಿರುತ್ತದೆ. ಅದಕ್ಕೇ ಅವನು ಮುಂದಿನ ಸಭೆಯ ನಮಸ್ಕಾರವನ್ನು ಈ ಸಭೆಯಲ್ಲೇ ಹೇಳಿಡುತ್ತಾನೆ. ಮೂರನೆಯವರು ದೇವದುರ್ಗದ ಮುದಸ್ಸಿರ್ ಮಾಸ್ತರ್. ಶಾಲೆಯಲ್ಲಿ ಗಣಿತ ಹೇಳುತ್ತಾರೆ, ಸಭೆಯಲ್ಲಿ ನಿಯಮ ಹೇಳುತ್ತಾರೆ. ನಾಲ್ಕನೆಯವನು ನಾನು, ಪಂಪಾಪತಿ, ರಾಯಚೂರಿನ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತ. ನಾನು ಬರೆಯುವುದು ತಿನ್ನುವ ವಸ್ತುಗಳ ಬಗ್ಗೆ ಮಾತ್ರ, ಯಾಕೆಂದರೆ ಅದರಲ್ಲಿ ನನಗೆ ಆಧಾರದ ಕೊರತೆಯಿಲ್ಲ. ಆಧಾರವನ್ನು ಹೊಟ್ಟೆಯ ಸುತ್ತಲೂ ಹೊತ್ತು ತಿರುಗುತ್ತೇನೆ.

ನನಗೂ ಮುದಸ್ಸಿರ್ ಮಾಸ್ತರಿಗೂ ಒಂದು ತಕರಾರಿತ್ತು. ನಮ್ಮ ಕಡೆ ಬೆಳಗಾದರೆ ಮಂಡಾಳು, ಅಂದರೆ ಮಂಡಕ್ಕಿ, ನೆನೆಸಿ ವಗ್ಗರಣಿ ಮಾಡುತ್ತಾರೆ; ಮೇಲೆ ಹುರಿಗಡಲೆ ಬೀಸಿದ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಅದನ್ನು ನಾನು ವಿಶ್ವಕೋಶದಲ್ಲಿ ಬರೆದೆ: ‘ಪುಟಾಣಿ ಹಿಟ್ಟು ಅತ್ಯಗತ್ಯ.’ ಮರುದಿನ ಮಾಸ್ತರ್ ಅದನ್ನು ಅಳಿಸಿ ‘ಕೆಲವರು ಪುಟಾಣಿ ಹಿಟ್ಟು ಹಾಕುವುದೂ ಉಂಟು’ ಎಂದು ಬರೆದರು. ನಾನು ಹಾಕಿದೆ, ಅವರು ತೆಗೆದರು. ಹೀಗೆ ಒಂದು ವರ್ಷ ನಡೆಯಿತು. ಜಗತ್ತಿನಲ್ಲಿ ಎಷ್ಟು ಜನ ಆ ಪುಟ ನೋಡಿ ಅಡುಗೆ ಮಾಡಲು ಹೋಗಿ, ಹಿಟ್ಟು ಹಾಕುವಷ್ಟರಲ್ಲಿ ಪುಟ ಬದಲಾಗಿ, ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ನಿಂತಿದ್ದಾರೋ ನನಗೆ ಗೊತ್ತಿಲ್ಲ. ‘ಕೆಲವರು’ ಎಂಬ ಆ ಒಂದು ಮಾತಿಗೆ ನನ್ನ ರಕ್ತ ಇಂದಿಗೂ ಕುದಿಯುತ್ತದೆ. ಇಡೀ ರಾಯಚೂರು ‘ಕೆಲವರು’ ಹೇಗಾಗುತ್ತದೆ, ನೀವೇ ಹೇಳಿ.

ಇರಲಿ. ನಾನು ಹೇಳಬೇಕಾದದ್ದು ಮೊನ್ನೆಯ ಸಭೆಯಲ್ಲಿ ನನಗಾದ ಅನ್ಯಾಯ.

ಆ ಭಾನುವಾರ ಪರದೆಯ ಮೇಲೆ ಕೊಟ್ರೇಶನ ಮುಖ ಬರಬೇಕಾದಲ್ಲಿ ಒಬ್ಬ ಹೆಂಗಸಿನ ಮುಖ ಬಂತು. ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು, ಕಣ್ಣು ನೇರವಾಗಿ ನನ್ನ ಮೇಲೆ. ಫೋನಿನಲ್ಲಿ ಎಲ್ಲರ ಕಣ್ಣೂ ನಮ್ಮ ಮೇಲೇ ಇದ್ದಂತೆ ಕಾಣುತ್ತದೆ ಎಂದು ನನಗೆ ಗೊತ್ತು. ಆದರೂ ನಾನು ಕುರ್ಚಿ ಹಿಂದೆ ಸರಿಸಿದೆ. ಅಂದು ನೆಟ್‌ವರ್ಕ್ ಕೂಡ ಕಡಿಯಲಿಲ್ಲ. ಅದಕ್ಕೂ ಹೆದರಿಕೆಯಿತ್ತು ಎಂದು ಕಾಣುತ್ತದೆ.

“ಇವ್ರು ನಮ್ಮ ಓಣಿ ಬಸವಂತಮ್ಮ ರೀ,” ಬದಿಯಿಂದ ಕೊಟ್ರೇಶನ ದನಿ ಬಂತು. “ನಿಮ್ಮ ಜೋಡಿ ಮಾತಾಡಬೇಕಂತ.”

ಬಸವಂತಮ್ಮನ ಹೆಸರು ನಾನೂ ಕೇಳಿದ್ದೆ. ಮಾನ್ವಿ ಸುತ್ತಮುತ್ತ ಅಣ್ಣತಮ್ಮ, ಗಂಡಹೆಂಡತಿ, ಅತ್ತೆಸೊಸೆ ಯಾರದೇ ಜಗಳವಿರಲಿ, ಕೋರ್ಟಿಗೆ ಹೋಗುವ ಮುಂಚೆ ಜನ ಅವರ ಪಡಸಾಲೆಗೆ ಹೋಗುತ್ತಾರೆ. ಗಿಲ್ಲೆಸುಗೂರಿನ ಅಣ್ಣತಮ್ಮಂದಿರಿಬ್ಬರು ಮನೆಯ ನಡುವೆ ಗೋಡೆ ಹಾಕಲು ಇಟ್ಟಿಗೆ ತರಿಸಿದ್ದರು. ಬಸವಂತಮ್ಮನ ಪಡಸಾಲೆಯಿಂದ ವಾಪಸು ಹೋಗಿ ಅದೇ ಇಟ್ಟಿಗೆಯಲ್ಲಿ ಇಬ್ಬರಿಗೂ ಸೇರಿ ಒಂದು ಬಚ್ಚಲು ಕಟ್ಟಿಸಿದರು. ಈಗ ‘ನೀ ಮೊದಲು ಜಳಕ ಮಾಡು’, ‘ಇಲ್ಲ, ನೀ ಮೊದಲು’ ಎಂದು ಹೇಳುತ್ತ ಇಬ್ಬರೂ ಜಳಕವಿಲ್ಲದೆ ಇದ್ದಾರೆ. ಅಂಥ ಹೆಂಗಸು ಅವರು.

ವಿಶಾಖಾ ಪದ್ಧತಿಯಂತೆ ಶುರು ಮಾಡಿದರು. ಬರಲಾಗದವರು ಆಮೇಲೆ ನೋಡಲಿ ಎಂದು ನಮ್ಮ ಸಭೆಯನ್ನು ರೆಕಾರ್ಡ್ ಮಾಡಿ ಇಡುತ್ತೇವೆ. ಅದರ ಚಿತ್ರವನ್ನಾಗಲಿ ಮಾತನ್ನಾಗಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಬಳಸಬಹುದು ಎಂದು ಎಲ್ಲರೂ ಮೊದಲೇ ಒಪ್ಪಿಗೆ ಹೇಳಬೇಕು. ನಾನು ‘ಒಪ್ಪಿಗೆ’ ಅಂದೆ. ಮಾಸ್ತರ್ ‘ಒಪ್ಪಿಗೆ’ ಅಂದರು. ಕೊಟ್ರೇಶನೂ ಅಂದ.

“ಯವ್ವಾ, ನೀವೂ ಒಪ್ಪಿಗಿ ಅನ್ನಬೇಕ್ರಿ,” ಅಂದರು ವಿಶಾಖಾ.

“ಹೋದ ಸಲ ಕೇಳದ ತಗೊಂಡ್ರಿ. ಈ ಸಲ ಕೇಳಿ ತಗೋತೀರೇನು? ನಾ ಒಪ್ಪಂಗಿಲ್ಲ. ಕೊಟ್ರ್ಯಾ, ಅದನ್ನ ನಿನ್ನ ಕಡಿ ತಿರುವು.”

ಫೋನು ತಿರುಗಿತು. ಪರದೆ ಮೇಲೆ ಬೆವರಿದ ಕೊಟ್ರೇಶ, ಅವನ ಹಿಂದೆ ತಾಮ್ರದ ತಂತಿಯ ಸುರುಳಿಗಳು. ಅಲ್ಲಿಂದ ಮುಂದೆ ಬಸವಂತಮ್ಮ ಬರಿಯ ದನಿಯಾದರು.

“ಇಲ್ಲಿ ಯಾರ್ರೀ ದೊಡ್ಡವ್ರು?”

“ಇಲ್ಲಿ ದೊಡ್ಡವ್ರು ಯಾರೂ ಇಲ್ರಿ. ಎಲ್ಲಾರೂ ಸಮ,” ಅಂದರು ವಿಶಾಖಾ.

“ಹಂಗಾದ್ರ ತಪ್ಪಿಗಿ ಯಾರೂ ಸಿಗಂಗಿಲ್ಲ ಅನ್ರಿ.”

ಆಮೇಲೆ ಅವರು ಹೇಳಿದ್ದು ಕೇಳಿ ನನ್ನ ಮೈ ಉರಿಯಿತು. ನಿಮ್ಮದೂ ಉರಿಯಲಿ ಎಂದು ಹೇಳುತ್ತೇನೆ.

ಕವಿತಾಳದ ಬಸ್ ನಿಲ್ದಾಣದಲ್ಲಿ ಒಂದು ದಿನ ಟಂಟಂ ಆಟೊದ ಡ್ರೈವರನಿಗೂ ಒಬ್ಬ ಪ್ಯಾಸೆಂಜರನಿಗೂ ಕೈಕೈ ಹತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ಬಸವಂತಮ್ಮ ನಡುವೆ ನುಗ್ಗಿ, ಕೈಯೆತ್ತಿ, “ಸಾಕ್ ಮಾಡ್ರಲೇ” ಎಂದು ಗದರಿದರು. ಅದೇ ಕ್ಷಣಕ್ಕೆ ಅಲ್ಲೇ ಇದ್ದ ಕೊಟ್ರೇಶ ನಿಲ್ದಾಣದ ಫೋಟೊ ಹೊಡೆದ. ‘ಕವಿತಾಳ ಬಸ್ ನಿಲ್ದಾಣ’ ಎಂದು ಹೆಸರು ಕೊಟ್ಟು ವಿಶ್ವಕೋಶಕ್ಕೆ ಹಾಕಿದ. ಅಲ್ಲಿಗೆ ಹಾಕಿದ ಫೋಟೊ ಲೋಕದ ಸ್ವತ್ತು. ಯಾವುದೋ ದೇಶದ ಯಾವನೋ ಸ್ವಯಂಸೇವಕ, ಅವನ ಊರಲ್ಲಿ ಜಗಳಗಳೇ ಇಲ್ಲವೋ ಏನೋ, ತನ್ನ ಭಾಷೆಯ ‘ಜಗಳ’ ಪುಟಕ್ಕೆ ಚಿತ್ರ ಹುಡುಕುತ್ತ ಇದನ್ನು ಕಂಡ. ಬಸ್ಸು ಕತ್ತರಿಸಿದ, ಇಬ್ಬರು ಗಂಡಸರನ್ನು ಕತ್ತರಿಸಿದ. ಎತ್ತಿದ ಕೈ, ತೆರೆದ ಬಾಯಿಯ ಬಸವಂತಮ್ಮನನ್ನು ಮಾತ್ರ ಉಳಿಸಿಕೊಂಡ. ಅಲ್ಲಿಂದ ಆ ಚಿತ್ರ ಭಾಷೆಯಿಂದ ಭಾಷೆಗೆ ಹಾರಿತು. ಕೊನೆಗೆ ನಮ್ಮ ಮುದಸ್ಸಿರ್ ಮಾಸ್ತರ್ ಆ ಪುಟವನ್ನು ಕನ್ನಡಕ್ಕೆ ಅನುವಾದ ಮಾಡಿದರು. ಅನುವಾದದ ಯಂತ್ರದಲ್ಲಿ ಮಾತಿನ ಜೊತೆ ಚಿತ್ರವೂ ತಾನಾಗಿ ಬರುತ್ತದೆ. ಪಕ್ಕದ ತಾಲೂಕಿನ ಹೆಂಗಸು ಪ್ರಪಂಚವೆಲ್ಲ ಸುತ್ತಿ ವಾಪಸು ಬಂದಿದ್ದಾಳೆ ಎಂದು ಮಾಸ್ತರಿಗೆ ತಿಳಿಯಲೇ ಇಲ್ಲ.

“ನಮ್ಮೂರ ಸಾಲ್ಯಾಗ ಹುಡುಗ್ರಿಗಿ ಜಗಳಾ ಮತ್ತ ಶಾಂತಿ ಅಂತ ಏನೋ ಮಾಡ್ಕೊಂಡ್ ಬರ್ರಿ ಅಂದಾರಂತ,” ಅಂದಿತು ದನಿ. “ಎಲ್ಲಾ ಹುಡುಗ್ರೂ ಫೋನ್ ನೋಡಿ ನನ್ನ ಫೋಟೊ ಪ್ರಿಂಟ್ ತೆಗಸಿ ಜಗಳದ ಕೆಳಗ ಹಚ್ಯಾರ. ಶಾಂತಿ ಕೆಳಗ ಪಾರಿವಾಳ ಹಚ್ಯಾರ. ಆ ಟೀಚರಬಾಯಿ ಹೊಸದಾಗಿ ಬಂದಾಕಿ, ನನ್ನ ಗುರುತಿಲ್ಲ. ಗ್ವಾಡಿಗಿ ಹಾಕ್ಯಾಳ. ಊರ ಮಂದಿಯೆಲ್ಲಾ ನೋಡ್ಯಾರ.”

“ಸಣ್ಣ ಹುಡುಗ್ರು ಮಾಡಿದ್ದಲ್ರಿ ಅಮ್ಮಾ,” ಅಂದರು ಮಾಸ್ತರ್.

“ಹುಡುಗ್ರದ್ದು ಬಿಡ್ರಿ. ಬುಧವಾರ ನನ್ನ ಪಡಸಾಲಿಯಾಗ ಒಂದು ಪಂಚಾಯ್ತಿ ಅದ. ದುರ್ಗಾ ಅಂತ ಕವಿತಾಳದ ಸೊಸಿ. ನರ್ಸ್ ಓದಿದಾಕಿ. ಕೆಲ್ಸ ಸಿಕ್ಕದ, ಹೋಗ್ತೀನಿ ಅಂದಿದ್ದಕ್ಕ ಗಂಡನ ಅಣ್ಣ ಬೂದೆಪ್ಪ ಆಕಿನ್ನ ಕೂಸಿನ ಸಮೇತ ತವರಮನಿಗಿ ಕಳಿಸ್ಯಾನ. ಗಂಡ ಶೇಖರ ಅಣ್ಣನ ಮುಂದ ಬಾಯಿ ಬಿಡಂಗಿಲ್ಲ. ದುರ್ಗಾ ಬ್ಯಾರೆ ಯಾರ ಮುಂದೂ ಕೂಡಂಗಿಲ್ಲ, ಬಸವಂತಮ್ಮನ ಮುಂದ ಕೂಡ್ತೀನಿ ಅಂದಾಳ. ಯಾಕಂದ್ರ ನನ್ನ ಪಡಸಾಲಿಯಾಗ, ಮನಿಯಾಗ ಯಾರಿಗಿ ಮಾತಾಡಾಕ ಕೊಟ್ಟಿಲ್ಲೋ ಅವ್ರು ಮೊದಲ ಮಾತಾಡ್ತಾರ. ಉಳಿದವ್ರು ಸುಮ್ಮ ಕೇಳಬೇಕು. ಬೂದೆಪ್ಪನೂ ಹೂಂ ಅಂದಿದ್ದ. ಈಗ ಫೋನ್ ಹಿಡ್ಕೊಂಡು ಮಂದಿಗಿ ತೋರಸಾಕತ್ಯಾನ. ಈ ಜಗಳಗಂಟಿ ಮುಂದ ನಾವ್ಯಾಕ ಕೂಡೋಣ, ಲೋಕಕ್ಕೆಲ್ಲಾ ಗೊತ್ತದ ಈಕಿ ಎಂಥಾಕಿ ಅಂತ. ಆ ಹುಡುಗಿ ಮಾತು ಕೇಳಾಕ ಇದ್ದದ್ದು ಒಂದು ಜಾಗ. ಅದನ್ನೂ ನೀವು ಕಳದ್ರಿ.”

ಕೊಟ್ರೇಶ ತಾಮ್ರದ ತಂತಿ ನೋಡುತ್ತಿದ್ದ.

“ಮಾಸ್ತರ, ಈಗಿಂದೀಗ ತೆಗೀರಿ ಅದನ್ನ,” ಅಂದೆ ನಾನು. ನ್ಯಾಯ ಬಸವಂತಮ್ಮನ ಕಡೆಗಿತ್ತು. ಇರದಿದ್ದರೂ ಅಂದು ನಾನು ಅವರ ಕಡೆಯೇ ಇರುತ್ತಿದ್ದೆ; ಯಾಕೆಂದರೆ ಮಾಸ್ತರ್ ಎದುರು ಕಡೆಗಿದ್ದರು.

ಮಾಸ್ತರ್ ಕನ್ನಡಕ ಸರಿ ಮಾಡಿಕೊಂಡರು. ಅವರು ಕನ್ನಡಕ ಸರಿ ಮಾಡಿಕೊಂಡರೆಂದರೆ ನಿಯಮ ಬರುತ್ತದೆ ಎಂದರ್ಥ. “ಅಮ್ಮಾ, ನನಗೂ ಬ್ಯಾಸರ ಅದ್ರಿ. ಆದ್ರ ಫೋಟೊ ತೆಗದದ್ದು ಬಸ್ ಸ್ಟ್ಯಾಂಡಿನ್ಯಾಗ. ನಾಕ್ ಮಂದಿ ಓಡಾಡೋ ಜಾಗದಾಗ ತೆಗದ ಫೋಟೊಕ್ಕ ಒಪ್ಪಿಗಿ ಬೇಕಂತ ನಿಯಮ ಇಲ್ರಿ.”

“ಹಂಗಾದ್ರ ಬಸ್ ಸ್ಟ್ಯಾಂಡಿಗಿ ಬಂದವ್ರೆಲ್ಲಾ ನಿಮ್ಮ ಆಳೇನ್ರಿ?”

“ಹಂಗಲ್ರಿ. ಕೊಟ್ರೇಶ ಅದನ್ನ ಲೋಕಕ್ಕ ಬಿಟ್ಟುಕೊಟ್ಟಾನ. ಒಮ್ಮಿ ಕೊಟ್ಟಮ್ಯಾಲ ವಾಪಸ್ ಕೇಳಾಕ ಬರಂಗಿಲ್ರಿ.”

“ಕೊಟ್ರ್ಯಾ, ನನ್ನ ಮಾರೀನ ಲೋಕಕ್ಕ ಬಿಟ್ಟುಕೊಡಾಕ ನೀ ಯಾರಲೇ?”

“ನಾ ಬಸ್ ಸ್ಟ್ಯಾಂಡ್ ಬಿಟ್ಟುಕೊಟ್ಟಿದ್ದೆ ಯವ್ವಾ,” ಅಂದ ಕೊಟ್ರೇಶ. “ನೀವು ಅದರಾಗ ಇದ್ರಿ.”

“ಆತು. ನಾ ಜಗಳಾ ಬಿಡಸಾಕತ್ತಿದ್ದೆ ಅಂತನರ ಕೆಳಗ ಬರೀರಿ.”

“ಅದಕ್ಕ ಆಧಾರ ಬೇಕ್ರಿ,” ಅಂದರು ಮಾಸ್ತರ್.

“ನಾನ ಹೇಳಾಕತ್ತೀನಲ್ಲ.”

“ಅದು ಸ್ವಂತ ಹೇಳಿಕಿ ಆಗ್ತದ್ರಿ. ಎಲ್ಲ್ಯಾದ್ರೂ ಅಚ್ಚಾಗಿರಬೇಕು.”

“ನನ್ನ ಬಾಯಿ ತೆರದದ್ದು ಯಾಕಂತ ನನಗ ಗೊತ್ತಿಲ್ಲಂತ, ಮಾಸ್ತರಿಗಿ ಗೊತ್ತದಂತ.”

ಕೊಟ್ರೇಶ ತಪ್ಪು ಸರಿಪಡಿಸಲು ನೋಡಿದ. “ಸರ, ನನ್ನ ಪೂರ್ತಿ ಫೋಟೊ ಹಾಕ್ರಲ್ಲ. ಅದರಾಗ ಜಗಳಾಡೋ ಇಬ್ಬರೂ ಅದಾರ.”

“ಅದನ್ನೂ ನೋಡೀನಪ್ಪ. ಅದರಾಗ ಮೂವರೂ ಸೇರಿ ಜಗಳಾಡಿದಂಗ ಕಾಣ್ತದ.”

ವಿಶಾಖಾ ನಡುವೆ ಬಂದರು. “ಸರ್, ನಿಯಮ ಗೊತ್ತದ. ನಾವು ಇತಿಹಾಸದಾಗ ಓದೂದೂ ಇದನ್ನ ರೀ. ಯಾರೋ ಬಂದು ಯಾರ್ದೋ ಚಿತ್ರ ತೆಗದು, ಇವ್ರು ಇಂಥವ್ರು ಅಂತ ಕೆಳಗ ಬರದು ಹೋಗೂದು. ಅದರ ಮ್ಯಾಲ ನಮಗ ಸಿಟ್ಟದ. ಈಗ ನಾವ ಅದನ್ನ ಮಾಡಾಕತ್ತೀವಿ.”

ಮಾಸ್ತರ ಮುಖ ಸಣ್ಣದಾಯಿತು. ಆದರೆ ಅವರು ಗಣಿತದವರು, ಮುಖ ಸಣ್ಣದಾದರೂ ಲೆಕ್ಕ ಬದಲಾಗುವುದಿಲ್ಲ. “ಮೇಡಂ, ಆ ಪುಟ ಈ ತಿಂಗಳ ಸ್ಪರ್ಧಾಕ್ಕ ಹೋಗ್ಯದ. ಚಿತ್ರ ಇಲ್ದಿದ್ರ ತೆಗದು ಹಾಕತಾರ. ಒಂದಾ ಎಲ್ಲಾರ ಒಮ್ಮತ ಬೇಕು, ಇಲ್ಲಾ ಇದಕ್ಕಿಂತ ಚಲೋ ಚಿತ್ರ ಬೇಕು. ಒಮ್ಮತಕ್ಕ ನಾ ಇಲ್ಲ.”

ಒಂದು ಸ್ಪರ್ಧೆ. ಅದರ ಬಹುಮಾನ ಏನು ಗೊತ್ತೆ? ಒಂದು ಟೀ ಶರ್ಟ್. ಒಬ್ಬ ಹೆಂಗಸಿನ ಮರ್ಯಾದೆ, ಒಬ್ಬ ಸೊಸೆಯ ಮಾತು ಒಂದು ಟೀ ಶರ್ಟಿನ ಎದುರು ತೂಗುತ್ತಿದ್ದವು. ಅದರ ಬಟ್ಟೆಯೂ ಸುಮಾರು. ಹೋದ ವರ್ಷದ್ದು ನನ್ನ ಹತ್ತಿರ ಇದೆ. ಒಮ್ಮೆ ಒಗೆದದ್ದಕ್ಕೆ ಈಗ ಫೋನಿನ ಕವರಿಗೆ ಆಗುತ್ತಿದೆ.

“ಚಲೋ ಚಿತ್ರ ಅಂದ್ರ ಹ್ಯಾಂಗಿರಬೇಕ್ರಿ ಮಾಸ್ತರ?” ಬಸವಂತಮ್ಮನ ದನಿ ಈಗ ತಣ್ಣಗಿತ್ತು.

“ಕಮ್ಮಿ ಅಂದ್ರ ಇಬ್ಬರಿರಬೇಕ್ರಿ. ಮಾರಿ ಸ್ಪಷ್ಟ ಕಾಣಬೇಕು. ನಾಟಕ ಇರಬಾರ್ದು, ಖರೇ ಜಗಳಾ ಆಗಿರಬೇಕು. ಮತ್ತ ಅವರ ಒಪ್ಪಿಗಿ ಇದ್ರ ಇನ್ನೂ ಚಲೋ.”

“ಹೂಂ,” ಅಂದಿತು ದನಿ. “ಇರಲಿ ಬಿಡ್ರಿ. ಬಂದದ್ದು ಬಂದೀನಿ. ನೀವು ಏನೇನ್ ಬರೀತೀರಿ ಕೇಳಿಕೊಂಡರ ಹೋಗ್ತೀನಿ. ಪಂಪಾಪತಿಯವರ, ನೀವೇನ್ ಬರೀತೀರಿ?”

ಪಾಪ, ಸೋತು ಮಾತು ಬದಲಿಸಿದರು ಎಂದುಕೊಂಡೆ. “ತಿನ್ನೋ ವಸ್ತು ಬಗ್ಗೆ ಬರೀತೀನ್ರಿ ಯವ್ವಾ.”

“ವಗ್ಗರಣಿ ಬರದೀರೇನು?”

“ಬರದೀನ್ರಿ.”

“ಪುಟಾಣಿ ಹಿಟ್ಟು ಹಾಕಬೇಕು ಅಂತ ಬರದೀರಿಲ್ಲ?”

ಕೊಟ್ರೇಶ ಆಗ ಎಲ್ಲೋ ಮೇಲೆ, ಫ್ಯಾನಿನ ಕಡೆ ನೋಡುತ್ತಿದ್ದ. ಅವನು ಅಂಗಡಿಯಲ್ಲಿ ಏನೇನು ಹೇಳಿಕೊಂಡಿದ್ದನೋ, ನನಗೆ ಆಗಲೇ ಹೊಳೆಯಬೇಕಿತ್ತು.

“ಬರದಿದ್ದೆ ಯವ್ವಾ. ತೆಗದ್ರು.”

“ತೆಗದ್ರಾ? ಅಂಥಾ ಕೆಲ್ಸ ಮಾಡಿದವ್ರು ಯಾರ್ರೀ?”

“ಇಲ್ಲೇ ಅದಾರ್ರಿ.”

“ಪಂಪಾಪತಿಯವರ, ಅದು ಮುಗದ ಮಾತು,” ಅಂದರು ಮಾಸ್ತರ್.

“ಎಲ್ಲಿ ಮುಗದದ? ನಿನ್ನಿನೂ ‘ಕೆಲವರು’ ಅಂತ ಬರದೀರಿ.”

“ದೇವದುರ್ಗದಾಗ ಹಿಟ್ಟು ಹಾಕಂಗಿಲ್ರಿ. ನಮ್ಮ ಮನಿಯಾಗ ಹಾಕಂಗಿಲ್ಲ.”

“ನಿಮ್ಮ ಮನಿ ಯಾವಾಗ ಅಚ್ಚಾತು? ಆಧಾರ ತೋರಸ್ರಿ.”

“ಮಾಸ್ತರ, ಅವ್ರು ನಿಮ್ಮ ಮನಿ ಮಟಾ ಬಂದ್ರಲ್ಲ,” ಅಂದಿತು ದನಿ, ಬಹಳ ಕಳಕಳಿಯಿಂದ.

“ಮನಿ ಸುದ್ದಿ ತಗೀಬ್ಯಾಡ್ರಿ. ನಮ್ಮಮ್ಮ ಮಾಡೋ ವಗ್ಗರಣಿ ತಿಂದ್ರ ನಿಮ್ಮ ಊರಿನ ಹಿಟ್ಟು ನೀವ ಗಟಾರಕ್ಕ ಸುರೀತೀರಿ.”

“ಪಂಪಾಪತಿಯವರ, ಗಟಾರಾ ಅಂದ್ರು ನೋಡ್ರಿ. ನಿಮಗ ಕೇಳಸಲಿಲ್ಲ ಅನಸ್ತದ.”

ನನಗೆ ಕೇಳಿಸಿತ್ತು. ಆಮೇಲೆ ನಡೆದದ್ದನ್ನು ನಾನು ಪೂರ್ತಿ ಬರೆಯುವುದಿಲ್ಲ. ದೇವದುರ್ಗದವರು ಮಂಡಾಳು ನೀರಿನಲ್ಲಿ ಬಿಟ್ಟು ಸಂತೆಗೆ ಹೋಗಿ ಮರುದಿನ ಬರುತ್ತಾರೆ ಎಂದು ನಾನು ಅಂದೆನಂತೆ. ರಾಯಚೂರಿನವರಿಗೆ ಬಿಸಿಲಿಗೆ ನಾಲಿಗೆ ಸುಟ್ಟು ಹೋಗಿದ್ದರಿಂದ ಹಿಟ್ಟೋ ಬೂದಿಯೋ ಗೊತ್ತಾಗುವುದಿಲ್ಲ ಎಂದು ಅವರು ಅಂದರಂತೆ. ನಾನು ಎದ್ದು ನಿಂತೆ, ಬೆರಳು ಕ್ಯಾಮೆರಾದ ಒಳಗೆ ಹೋಗುವಷ್ಟು ಹತ್ತಿರ ಹಿಡಿದೆ. ಮಾಸ್ತರೂ ಎದ್ದರು, ಅವರ ಕೈಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿತ್ತು, ಅದರಿಂದ ನನ್ನನ್ನೇ ಅಡ್ಡಗೆರೆ ಹೊಡೆದು ಹಾಕುವವರಂತೆ ಬೀಸಿದರು. ನನ್ನ ಕೂಗಿಗೆ ಪಕ್ಕದ ಮನೆಯ ಕುಕ್ಕರು ಮೂರು ಶಿಳ್ಳೆ ಒಟ್ಟಿಗೇ ಹಾಕಿತು.

“ಕೊಟ್ರ್ಯಾ, ಹಿಡದಿಯೇನು?”

“ಹಿಡದೀನ್ರಿ ಯವ್ವಾ. ಚಂದ ಬಂದದ.”

ನಾವಿಬ್ಬರೂ ಎತ್ತಿದ ಕೈ ಹಾಗೇ ಹಿಡಿದು ನಿಂತೆವು.

“ಮಾಸ್ತರ, ಕೂಡ್ರಿ,” ಅಂದಿತು ದನಿ. “ಇಬ್ಬರದಾರೋ ಇಲ್ಲೋ? ಮಾರಿ ಕಾಣ್ತಾವೋ ಇಲ್ಲೋ? ನಾಟಕ ಅಲ್ಲ, ಖರೇ ಜಗಳಾ. ಒಪ್ಪಿಗಿ ಅಂತ ನೀವ ಅಂದೀರಿ, ನಾ ಅಂದಿಲ್ಲ. ಇದನ್ನ ಹಾಕ್ರಿ. ನನ್ನದು ತೆಗೀರಿ.”

ಕೊಟ್ರೇಶ ಫೋನಿನ ಪರದೆಯಿಂದಲೇ ಹಿಡಿದ ಚಿತ್ರ ತೋರಿಸಿದ. ನನ್ನ ಬಾಯಿ ದವಡೆಯ ಕೊನೆಯ ಹಲ್ಲಿನವರೆಗೂ ತೆರೆದಿತ್ತು. ಮಾಸ್ತರ ಕನ್ನಡಕ ಒಂದು ಕಿವಿಯಿಂದ ಜೋತಾಡುತ್ತಿತ್ತು. ನಡುವಿನ ಚೌಕದಲ್ಲಿ ವಿಶಾಖಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅಳು ತಡೆದುಕೊಂಡಂತೆ ಕಾಣುತ್ತಿತ್ತು, ಅಳುವಲ್ಲ.

“ಇದು ಸರಿ ಇಲ್ರಿ,” ಅಂದರು ಮಾಸ್ತರ್. “ಇದು ಬೇಕಂತ ಹಚ್ಚಿದ ಜಗಳಾ.”

“ಮಾಸ್ತರ್ ಹೇಳೋದು ಖರೆ ಅದ,” ಅಂದೆ ನಾನು. ಇಡೀ ವರ್ಷದಲ್ಲಿ ನಾನು ಆ ಮಾತು ಅಂದದ್ದು ಅದೇ ಮೊದಲು. “ಮಾಸ್ತರ್ ತಿಳದವ್ರು. ಮೇಡಂ, ನಾವಿಬ್ಬರೂ ಇದಕ್ಕ ವಿರುದ್ಧ ಅದೀವಿ.”

“ಪಂಪಾಪತಿಯವ್ರು ಹಿರಿಯರು, ಅವ್ರ ಮಾತು ಕೇಳಬೇಕ್ರಿ,” ಅಂದರು ಮಾಸ್ತರ್.

“ಇಷ್ಟ್ ಲಗೂ ಯಾವ ಜಗಳಾನೂ ನನ್ನ ಕೈಯಾಗ ಬಗಿಹರದಿದ್ದಿಲ್ಲ ನೋಡವ್ವಾ,” ಎಂದು ಬಸವಂತಮ್ಮ ವಿಶಾಖಾ ಅವರಿಗೆ ಹೇಳಿದರು.

ವಿಶಾಖಾ ಗಂಭೀರರಾಗಿ ಮಾಸ್ತರು ಹೇಳಿದ ನಿಯಮಗಳನ್ನೇ ಮತ್ತೆ ಓದಿದರು. ಒಂದೊಂದಕ್ಕೂ “ಸರಿ ಅದ ಏನ್ರಿ ಸರ್?” ಎಂದು ಕೇಳಿದರು. ಮಾಸ್ತರ್ ಒಂದೊಂದಕ್ಕೂ ತಲೆಯಾಡಿಸಿದರು. ಕೊನೆಗೆ ಕನ್ನಡಕ ಸರಿ ಮಾಡಿಕೊಂಡು, ತಮ್ಮ ಕೈಯಿಂದಲೇ ಬಸವಂತಮ್ಮನ ಚಿತ್ರ ತೆಗೆದು ನಮ್ಮಿಬ್ಬರ ಚಿತ್ರ ಹಾಕಿದರು. ವಿಶಾಖಾ ಇದ್ದ ಚೌಕವನ್ನು, ಅದು ಜಗಳಕ್ಕೆ ಸಂಬಂಧಿಸಿದ್ದಲ್ಲವೆಂದು, ಕತ್ತರಿಸಿದರು. ಕೆಳಗೆ ಬರೆದರು: ‘ಇಬ್ಬರು ಗಂಡಸರ ನಡುವಿನ ಜಗಳ, ರಾಯಚೂರು ಜಿಲ್ಲೆ.’ ಯಾವ ವಿಷಯಕ್ಕೆ ಎಂದು ಬರೆಯಲಿಲ್ಲ. ಅದಕ್ಕೆ ಅಚ್ಚಾದ ಆಧಾರವಿರಲಿಲ್ಲ.

ತನ್ನ ಮುಖವನ್ನು ತಾನೇ ನಿಯಮಕ್ಕೆ ಕೊಡುವ ಮನುಷ್ಯನ ಜೊತೆ ಹೇಗೆ ಜಗಳವಾಡುವುದು? ನಾನು ಅಷ್ಟು ಹೊತ್ತು ಅವರೊಂದಿಗೆ ಒಂದಾಗಿದ್ದೆನಲ್ಲ, ಅದು ನನ್ನನ್ನು ಇನ್ನೂ ಸುಡುತ್ತಿದೆ.

“ಯವ್ವಾ, ಬ್ಯಾರೆ ಭಾಷಾದಾಗ ಇನ್ನೂ ನಿಮ್ಮ ಫೋಟೊ ಅದ,” ಅಂದರು ವಿಶಾಖಾ. “ಅಲ್ಲಿಯವ್ರನ್ನ ಒಬ್ಬೊಬ್ಬರನ್ನ ಕೇಳಿ ತೆಗಸಬೇಕು. ನಾ ಕೇಳ್ತೀನಿ, ಆದ್ರ ದಿನಾ ಹಿಡೀತಾವ.”

“ಕೇಳವ್ವಾ, ಬಿಡಬ್ಯಾಡ. ಬುಧವಾರದ ಚಿಂತಿ ಇಲ್ಲ. ಆ ದೇಶದವ್ರು ಯಾರೂ ನನ್ನ ಪಡಸಾಲಿಗಿ ಬರಂಗಿಲ್ಲ.”

ಮರುದಿನ ಗಂಜಿನಲ್ಲಿ ಹಮಾಲರು ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ಅಂಗಡಿಯ ಸೇಠ್ ತಾವೇ ಚಹಾ ತರಿಸಿಕೊಟ್ಟು, “ಪಂಪಾಪತಿ, ಸಮಾಧಾನದಿಂದ ಕುಡೀರಿ,” ಅಂದರು. ಮನೆಯಲ್ಲಿ ನನ್ನ ಹೆಂಡತಿ ವಿಜಯಲಕ್ಷ್ಮಿ ಪುಟವನ್ನು ಬಹಳ ಹೊತ್ತು ನೋಡಿ, “ನನ್ನ ಮುಂದ ಒಂದಿನಾನೂ ಇಷ್ಟ್ ಬಾಯಿ ತೆಗದಿಲ್ಲಲ್ರೀ ನೀವು,” ಅಂದಳು. ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ಬುಧವಾರ ರಜೆ ಹಾಕಿ ಮಾನ್ವಿಗೆ ಬಸ್ಸು ಹತ್ತಿದೆ. ಬಸವಂತಮ್ಮನ ಎದುರು ನಿಂತು, ನಿಮ್ಮದೊಂದು ಮುಖ ಉಳಿಸಲು ನನ್ನದೊಂದು ಮುಖ ಕೊಟ್ಟಿರಿ, ಇದು ಯಾವ ಸೀಮೆಯ ನ್ಯಾಯ ಎಂದು ಕೇಳಲೇಬೇಕು ಎಂದು ದಾರಿಯುದ್ದಕ್ಕೂ ಮಾತು ಕೂಡಿಸಿದೆ. ಬಸ್ಸಿನ ಕಂಡಕ್ಟರ್ ನನಗೆ ಚಿಲ್ಲರೆ ಕೇಳದೆ ಟಿಕೆಟ್ ಕೊಟ್ಟ. ಮಾನ್ವಿಯಲ್ಲಿ ಇಳಿದರೆ, ಶಾಲೆ ಬಿಟ್ಟು ಹೋಗುತ್ತಿದ್ದ ಮಕ್ಕಳು ನನ್ನನ್ನು ನೋಡಿ ನಿಂತುಬಿಟ್ಟವು. ಶಾಲೆಯಲ್ಲಿ ಜಗಳ-ಶಾಂತಿಯ ಪ್ರಾಜೆಕ್ಟನ್ನು ಮತ್ತೆ ಮಾಡಿಸಿದ್ದರಂತೆ.

ಬಸವಂತಮ್ಮನ ಪಡಸಾಲೆಯಲ್ಲಿ ಜನ ಕೂತಿದ್ದರು. ಒಂದು ಕಡೆ ಹೆಗಲ ತುಂಬ ಟವೆಲ್ ಹೊದ್ದ ಬೂದೆಪ್ಪ, ಅವನ ನೆರಳಿನಲ್ಲಿ ತಮ್ಮ ಶೇಖರ. ಇನ್ನೊಂದು ಕಡೆ ತವರಿನವರ ಜೊತೆ ಕೂಸು ಎತ್ತಿಕೊಂಡ ದುರ್ಗಾ. ಬೂದೆಪ್ಪ ಫೋನು ತೆಗೆದು ನೋಡಿದ, ನನ್ನನ್ನು ನೋಡಿದ, ಮತ್ತೆ ಫೋನು ನೋಡಿದ.

“ಇವ್ರು ಅವ್ರ ಅಲ್ಲೇನ್ರಿ?” ಅಂದ. “ಇವ್ರು ಇದ್ದಲ್ಲಿ ನಾವು ಹ್ಯಾಂಗ ಮಾತಾಡೋಣ?”

ನಾನು ಕೂಡಿಸಿಕೊಂಡು ಬಂದ ಮಾತೆಲ್ಲ ಗಂಟಲಿಗೆ ಬಂತು. ಬಾಯಿ ತೆರೆದೆ. ಪಡಸಾಲೆಯ ಜನವೆಲ್ಲ ಚಿತ್ರದಲ್ಲಿದ್ದ ಬಾಯಿ ಇದೇ ಎಂದು ಖಾತ್ರಿ ಮಾಡಿಕೊಳ್ಳುವವರಂತೆ ನೋಡಿದರು. ಮುಚ್ಚಿದೆ.

“ಪಂಪಾಪತಿಯವರ, ನಿಮ್ಮದು ನಾ ಕೇಳ್ತೀನಿ. ಖರೇನ ಕೇಳ್ತೀನಿ,” ಅಂದರು ಬಸವಂತಮ್ಮ. “ಈಗ ಸ್ವಲ್ಪ ಹೊರಗ ಕಟ್ಟಿ ಮ್ಯಾಲ ಕೂಡ್ರಿ. ದುರ್ಗಾ, ಕೂಸು ಅವ್ರ ಕೈಯಾಗ ಕೊಡವ್ವಾ. ನಿನ್ನ ಕೈ ಖಾಲಿ ಇರಬೇಕು ಮಾತಾಡಾಗ.”

ಹೀಗೆ ನಾನು, ಲೋಕಪ್ರಸಿದ್ಧ ಜಗಳಗಂಟ, ಯಾರದೋ ಕೂಸು ಎತ್ತಿಕೊಂಡು ಚಪ್ಪಲಿಗಳ ನಡುವೆ ಕಟ್ಟೆಯ ಮೇಲೆ ಕೂತೆ. ಕೂಸು ನನ್ನ ಮುಖವನ್ನು ಬಹಳ ಹೊತ್ತು ನೋಡಿ ನಕ್ಕಿತು. ಅದಕ್ಕಿನ್ನೂ ಓದಲು ಬರುವುದಿಲ್ಲ.

ಒಳಗೆ ದುರ್ಗಾ ಶುರು ಮಾಡಿದಳು. ದನಿ ಎಷ್ಟು ಸಣ್ಣದಿತ್ತೆಂದರೆ ಬಾಗಿಲಿನಾಚೆ ನನಗೆ ಅರ್ಧ ಮಾತು ಮಾತ್ರ ಕೇಳುತ್ತಿತ್ತು. “ಅವತ್ತು ಆರ್ಡರ್ ಬಂದಾಗ ನಾ ಮೊದಲ ಇವ್ರಿಗೇ ತೋರಿಸಿದೆ...”

“ಆಕಿ ಏನ್ ಹೇಳ್ತಾಳಂದ್ರ,” ಎಂದು ಬೂದೆಪ್ಪ ನಡುವೆ ಬಾಯಿ ಹಾಕಿದ.

“ಬೂದೆಪ್ಪ,” ಅಂದರು ಬಸವಂತಮ್ಮ. “ಹೊರಗ ಒಬ್ಬರು ಕುಂತಾರ ನೋಡು. ಅವ್ರ ಬಾಜೂಕ ಇನ್ನೂ ಜಾಗ ಅದ. ಕೊಟ್ರೇಶನೂ ಇಲ್ಲೇ ಅದಾನ, ಫೋನ್ ಹಿಡ್ಕೊಂಡು.”

ಬೂದೆಪ್ಪ ಬಾಗಿಲಿನಿಂದ ಕತ್ತು ಚಾಚಿ ನನ್ನನ್ನೊಮ್ಮೆ ನೋಡಿದ. ಆಮೇಲೆ ಅವನ ದನಿ ಕೇಳಲಿಲ್ಲ.

ಕೂಸು ನನ್ನ ಅಂಗಿಯ ಗುಂಡಿ ಹಿಡಿದು ನಿದ್ದೆಗೆ ಜಾರುತ್ತಿತ್ತು. ದುರ್ಗಾ ಮೊದಲಿನಿಂದ ಹೇಳತೊಡಗಿದಳು. ಈ ಸಲ ಒಂದೊಂದು ಮಾತೂ ಕಟ್ಟೆಯವರೆಗೆ ಸರಿಯಾಗಿ ಕೇಳಿಸುತ್ತಿತ್ತು. ನನ್ನ ಮೈಯೊಳಗೆ ಸಿಟ್ಟು ಇನ್ನೂ ಕುದಿಯುತ್ತಲೇ ಇತ್ತು. ಆದರೆ ಕೂಸು ಎದ್ದು ಅತ್ತರೆ ಅವಳು ನಿಲ್ಲಿಸಬೇಕಾಗುತ್ತದೆ ಎಂದು ಉಸಿರು ಸಣ್ಣಗೆ ಬಿಡುತ್ತ ಕೂತೆ.